ಇಳಿಯುತ್ತೆ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೆಯೋದು ಹೇಗೆ? ಲೈಕ್ಲಿ, ಎಕ್ಸ್‌ಪೆಕ್ಟೆಡ್, ಸೆಟ್, ಬೌಂಡ್: ಯಾವುದು ಯಾವಾಗ

"ಮುಂದಿನ ತಿಂಗಳು ಆರ್ಡರ್ ಕಡಿಮೆಯಾಗಬಹುದು." ಇಷ್ಟನ್ನೇ ಇಂಗ್ಲಿಷ್ ಮೇಲ್‌ನಲ್ಲಿ ಬರೆಯಲು ಕೂತರೆ ಕೈ ನಿಂತುಬಿಡುತ್ತದೆ. 'ಲೈಕ್ಲಿ ಟು ಫಾಲ್' ಹಾಕಬೇಕೋ, 'ಎಕ್ಸ್‌ಪೆಕ್ಟೆಡ್ ಟು ಫಾಲ್' ಹಾಕಬೇಕೋ? ಪೇಪರಿನಲ್ಲಿ ಬರುವ 'ಸೆಟ್ ಟು ಫಾಲ್' ಇನ್ನೂ ಚೆನ್ನಾಗಿ ಕೇಳಿಸುತ್ತದಲ್ಲ? ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಓದುವವರು, ಕಂಪನಿಯಲ್ಲಿ ವರದಿ ಬರೆಯುವವರು, ಹೊರದೇಶದ ಖರೀದಿದಾರರ ಜೊತೆ ಪತ್ರವ್ಯವಹಾರ ಇಟ್ಟುಕೊಂಡ ಬೆಳೆಗಾರರು, ಎಲ್ಲರೂ ಕೇಳುವುದು ಇದನ್ನೇ. ಎಲ್ಲದಕ್ಕೂ ಅರ್ಥ ಒಂದೇ ಅಲ್ವಾ, ಯಾವುದು ಹಾಕಿದರೇನು ಅಂತ.

ಅರ್ಥ ಒಂದೇ ಅಲ್ಲ. ನೀವು ಬರೆದದ್ದನ್ನು ನಂಬಿ ಎದುರಿನವರು ದುಡ್ಡು ಹಾಕುತ್ತಾರೆ, ಸರಕು ತರಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಪದ ತಪ್ಪಿದರೆ ನಷ್ಟ ಅವರದು, ಹೋಗುವ ಹೆಸರು ನಿಮ್ಮದು.

ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇಲ್ಲಿ ಎಡವಿದ್ದಾರೆ. 1951ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಒಂದು ಅಂದಾಜು ವರದಿ ಬರೆಯಿತು. ಯುಗೋಸ್ಲಾವಿಯಾ ಮೇಲೆ ದಾಳಿ ಆಗುವ 'ಸೀರಿಯಸ್ ಪಾಸಿಬಿಲಿಟಿ' ಇದೆ ಅಂತ ಅದರಲ್ಲಿತ್ತು. ಹಾಗಂದರೆ ಎಷ್ಟು ಅಂತ ಓದಿದ ಅಧಿಕಾರಿಯೊಬ್ಬರು ಕೇಳಿದರು. ವರದಿಯ ಹೊಣೆ ಹೊತ್ತಿದ್ದ ಶೆರ್ಮನ್ ಕೆಂಟ್ ನೂರಕ್ಕೆ 65 ಅಂದರು. ಕೇಳಿದವರು ಗಾಬರಿಯಾದರು. ಅವರು ಅದಕ್ಕಿಂತ ತುಂಬಾ ಕಡಿಮೆ ಅಂದುಕೊಂಡಿದ್ದರು. ಆಮೇಲೆ ಕೆಂಟ್ ತಮ್ಮ ಜೊತೆ ಕೂತು ವರದಿ ಒಪ್ಪಿದ್ದ ಸಹೋದ್ಯೋಗಿಗಳನ್ನೇ ವಿಚಾರಿಸಿದರು. ಒಬ್ಬರ ಲೆಕ್ಕ ನೂರಕ್ಕೆ 20, ಇನ್ನೊಬ್ಬರದು 80. ಇಂಥ ಪದಗಳಿಗೆ ಅಂಕಿ ಕಟ್ಟಬೇಕು ಅಂತ ಅವರು 1964ರಲ್ಲಿ ಬರೆದ ಲೇಖನವನ್ನು ಜನ ಈಗಲೂ ಓದುತ್ತಾರೆ.

ಯಾವುದರ ಮೇಲೆ ಅಳೆಯಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಇಳಿಯುತ್ತೆ ಅನ್ನುವುದು ನಿಮಗೆ ಎಷ್ಟು ಖಚಿತ? ಅದು ಯಾರ ಮಾತು, ಆಧಾರ ಏನು? ಎಷ್ಟು ಇಳಿಯುತ್ತೆ, ಎಷ್ಟು ಬೇಗ? ಓದುವವರು ಯಾರು, ಬ್ಯಾಂಕ್ ಮ್ಯಾನೇಜರೋ, ಪರೀಕ್ಷಕರೋ, ಪೇಪರ್ ಓದುಗರೋ?

ನಾಲ್ಕೂ ಸಮ ಅಲ್ಲ. ಮೊದಲ ಎರಡು ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಆದರೆ ನಮ್ಮಲ್ಲಿ ಬಹಳ ಜನ ಶುರು ಮಾಡುವುದೇ ಮೂರನೆಯದರಿಂದ. 'ಫಾಲ್' ಬದಲು 'ಪ್ಲಂಜ್' ಹಾಕಲೇ, 'ಪ್ಲಮೆಟ್' ಹಾಕಲೇ ಅಂತ ನಿಘಂಟು ತೆಗೆಯುತ್ತಾರೆ. ಅದಕ್ಕೆ ಮುಂಚೆ ಬರುವ 'ಲೈಕ್ಲಿ', 'ಸೆಟ್'ನಂಥ ಪುಟ್ಟ ಪದಕ್ಕೆ ಗಮನ ಕೊಡುವುದೇ ಇಲ್ಲ.

ಕೊಡಗಿನ ಒಂದು ರೊಬಸ್ಟಾ ಕಾಫಿ ತೋಟವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಫೆಬ್ರವರಿ, ಮಾರ್ಚ್‌ನಲ್ಲಿ ಬರಬೇಕಾದ, ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿದೆ. ಅದರ ಹಿಂದೆಯೇ ಬೀಳಬೇಕಾದ ಬ್ಯಾಕಿಂಗ್ ಮಳೆಯೂ ಸರಿಯಾಗಿ ಬಂದಿಲ್ಲ. ಈ ವರ್ಷ ಬೆಳೆ ಕಡಿಮೆ ಅಂತ ಬೆಳೆಗಾರರಿಗೆ ಅನ್ನಿಸಿದೆ. ಇಟಲಿಯ ಖರೀದಿದಾರರಿಗೆ ಈಗಲೇ ತಿಳಿಸಬೇಕು. ಯಾವ ಪದ ಹಾಕಬೇಕು?

ಲೈಕ್ಲಿ ಮತ್ತು ಮೇ, ಕುಡ್

'ಔಟ್‌ಪುಟ್ ಈಸ್ ಲೈಕ್ಲಿ ಟು ಫಾಲ್' ಅಂದರೆ ಇಳಿಯದೇ ಇರುವುದಕ್ಕಿಂತ ಇಳಿಯುವುದೇ ಹೆಚ್ಚು ಸಂಭವ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ವರದಿಗಳು ಇದಕ್ಕೆ ಅಳತೆಯನ್ನೇ ಇಟ್ಟುಕೊಂಡಿವೆ. ಅಲ್ಲಿ 'ಲೈಕ್ಲಿ' ಅಂದರೆ ನೂರಕ್ಕೆ 66ರ ಮೇಲೆ, 'ವೆರಿ ಲೈಕ್ಲಿ' ಅಂದರೆ 90ರ ಮೇಲೆ. ನಿಮ್ಮ ಮೇಲ್ ಓದುವವರ ಬಳಿ ಆ ಪಟ್ಟಿ ಇರುವುದಿಲ್ಲ, ಆದರೂ ಮೂರರಲ್ಲಿ ಎರಡು ಪಾಲು ಖಚಿತ ಅನ್ನುವ ಅಳತೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆ ಅನ್ನಿಸಿದರೆ ಈ ಪದ ಬೇಡ.

ಕಡಿಮೆ ಖಚಿತ ಇದ್ದಾಗ 'ಮೇ', 'ಮೈಟ್', 'ಕುಡ್' ಇವೆ. ನಮ್ಮ 'ಬಹುದು' ಬಹುತೇಕ ಇಲ್ಲಿ ಕೂರುತ್ತದೆ. ಕನ್ನಡದಲ್ಲಿ ಮರ್ಯಾದೆಗೆ, ಸಂಕೋಚಕ್ಕೆ ಕೂಡ 'ಬಹುದು' ಅಂತೀವಿ. ಒಳಗೆ ಗಟ್ಟಿಯಾಗಿ ಗೊತ್ತಿದ್ದರೂ "ಬೆಳೆ ಸ್ವಲ್ಪ ಕಡಿಮೆ ಆಗಬಹುದೇನೋ" ಅಂತ ಮೆತ್ತಗೆ ಹೇಳುತ್ತೀವಿ. ಅದನ್ನೇ ಇಂಗ್ಲಿಷಿಗೆ ತಂದು 'ಔಟ್‌ಪುಟ್ ಮೇ ಫಾಲ್' ಅಂದರೆ, ಓದುವವರು ಆಗಲೂಬಹುದು, ಆಗದೇ ಇರಬಹುದು ಅಂದುಕೊಂಡು ಸುಮ್ಮನಾಗುತ್ತಾರೆ. ಸರಕು ಬಾರದೇ ಇದ್ದಾಗ ಮೊದಲೇ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ನೀವು ಹೇಳಿದ್ದಿರಿ, ಆದರೆ ಅವರಿಗೆ ಅದು ಎಚ್ಚರಿಕೆ ಅಂತ ಕೇಳಿಸಲಿಲ್ಲ.

ಇವೆರಡನ್ನೂ ಬೆರೆಸುವುದು ನಾನು ಅತಿ ಜಾಸ್ತಿ ತಿದ್ದುವ ತಪ್ಪು. 'ಮೇ ಲೈಕ್ಲಿ ಟು ಫಾಲ್' ಅನ್ನುವ ವಾಕ್ಯ ಇಲ್ಲವೇ ಇಲ್ಲ. 'ಮೇ ಫಾಲ್' ಅನ್ನಿ, ಇಲ್ಲವೇ 'ಈಸ್ ಲೈಕ್ಲಿ ಟು ಫಾಲ್' ಅನ್ನಿ. 'ಚಾನ್ಸಸ್ ಆರ್ ದೇರ್ ಟು ಫಾಲ್' ಅನ್ನುವುದೂ 'ಚಾನ್ಸ್ ಇದೆ' ಅನ್ನುವ ನಮ್ಮ ಮಾತಿನ ನೇರ ಅನುವಾದ. ಅದನ್ನೂ ಬಿಟ್ಟುಬಿಡಿ.

ಎಕ್ಸ್‌ಪೆಕ್ಟೆಡ್

ಎಲ್ಲರ ಕೈಗೂ ಮೊದಲು ಸಿಗುವ ಪದ ಇದು. ಗಂಭೀರವಾಗಿ ಕಾಣುತ್ತದೆ, ಯಾವ ವರದಿಗೂ ಒಗ್ಗುತ್ತದೆ. ಕುಂದು ಒಂದೇ. 'ಸೇಲ್ಸ್ ಆರ್ ಎಕ್ಸ್‌ಪೆಕ್ಟೆಡ್ ಟು ಫಾಲ್' ಅಂದಾಗ ಹಾಗೆ ಅಂದುಕೊಂಡವರು ಯಾರು ಅನ್ನುವುದು ಕಾಣೆಯಾಗುತ್ತದೆ. ನೀವೋ, ನಿಮ್ಮ ಮೇಲಿನವರೋ, ಮಾರುಕಟ್ಟೆಯೋ?

ಹಾಗಾಗಿ ನನ್ನ ಸಲಹೆ ಇಷ್ಟು. ಮಾತು ನಿಮ್ಮದೇ ಆಗಿದ್ದರೆ 'ವಿ ಎಕ್ಸ್‌ಪೆಕ್ಟ್' ಅಂತ ನೇರವಾಗಿ ಬರೆಯಿರಿ. ಬೇರೆಯವರದಾದರೆ ಅವರ ಹೆಸರು ಹಾಕಿ. ಯಾರ ಮಾತೆಂದು ಹೇಳಲು ಆಗದಿದ್ದರೆ ಆ ಸಾಲು ಬೇಕೇ ಅಂತ ಇನ್ನೊಮ್ಮೆ ಯೋಚಿಸಿ.

ಕನ್ನಡದ 'ನಿರೀಕ್ಷೆ'ಯಲ್ಲಿ ಒಂದಿಷ್ಟು ಆಸೆ ಬೆರೆತಿದೆ. "ಬೆಳೆ ನಾಶವಾಗುವ ನಿರೀಕ್ಷೆ ಇದೆ" ಅಂದರೆ ಕಿವಿಗೆ ಚುಚ್ಚುತ್ತದೆ, ಅಲ್ಲಿ 'ಆತಂಕ' ಅನ್ನಬೇಕು. ಇಂಗ್ಲಿಷಿನ 'ಎಕ್ಸ್‌ಪೆಕ್ಟ್'ಗೆ ಆ ಹಂಗಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಧೈರ್ಯವಾಗಿ ಬಳಸಬಹುದು. 'ಸೇಲ್ಸ್ ಆರ್ ಎಕ್ಸ್‌ಪೆಕ್ಟಿಂಗ್ ಟು ಫಾಲ್' ಅಂತ ಮಾತ್ರ ಬರೆಯಬೇಡಿ. ಸೇಲ್ಸ್ ಏನನ್ನೂ ಎದುರು ನೋಡುವುದಿಲ್ಲ, ನೋಡುವವರು ನಾವು.

ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರೆ ಈ ಪದಕ್ಕೆ ಕಾನೂನಿನ ತೂಕವೂ ಇದೆ. ಅಮೆರಿಕ 1995ರಲ್ಲಿ ತಂದ ಕಾನೂನೊಂದು ಕಂಪನಿಗಳು ಭವಿಷ್ಯದ ಬಗ್ಗೆ ಹೇಳುವ ಮಾತಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಆದರೆ ಇದು ಭವಿಷ್ಯದ ಮಾತು, ಇದರಲ್ಲಿ ಇಂಥಿಂಥ ಅಪಾಯ ಇದೆ ಅಂತ ಜೊತೆಗೇ ಹೇಳಿರಬೇಕು. ಅಮೆರಿಕದಲ್ಲೂ ಪಟ್ಟಿಯಾಗಿರುವ ಇನ್ಫೋಸಿಸ್, ವಿಪ್ರೊ ಫಲಿತಾಂಶದ ಜೊತೆ ಅಂಥ ಎಚ್ಚರಿಕೆಯ ಪ್ಯಾರಾ ಇರುವುದು ಅದಕ್ಕೇ. ಅಂಥ ಕಡೆ ಸ್ವಂತ ಮೇಲ್‌ನಲ್ಲಿ 'ರೆವೆನ್ಯೂ ವಿಲ್ ಫಾಲ್' ಅಂತ ಗ್ರಾಹಕರಿಗೆ ಬರೆಯುವ ಮುಂಚೆ ಕಂಪನಿಯ ನಿಯಮ ಕೇಳಿಕೊಳ್ಳಿ.

ಫೋರ್‌ಕಾಸ್ಟ್ ಮತ್ತು ಪ್ರೊಜೆಕ್ಟೆಡ್

ಇವೆರಡಕ್ಕೂ ಹಿಂದೆ ಲೆಕ್ಕ ಇರಬೇಕು. ಸುಮ್ನೆ ಅನ್ನಿಸಿದ್ದಕ್ಕೆ ಇವನ್ನು ಹಾಕಬಾರದು.

ಫೋರ್‌ಕಾಸ್ಟ್ ಅಂದರೆ ಹೀಗಾಗುತ್ತದೆ ಅಂತ ಯಾರೋ ಲೆಕ್ಕ ಹಾಕಿ ಹೇಳಿದ್ದು. ಹವಾಮಾನ ಇಲಾಖೆಯ ಮುಂಗಾರು ಮುನ್ಸೂಚನೆ ನೋಡಿ. 2023ರ ಏಪ್ರಿಲ್‌ನಲ್ಲಿ ದೇಶದ ಮಳೆ ದೀರ್ಘಾವಧಿ ಸರಾಸರಿಯ ಶೇ 96 ಅಂದರು, ಜೊತೆಗೆ ಶೇ 5ರಷ್ಟು ಹೆಚ್ಚುಕಡಿಮೆ ಆಗಬಹುದು ಅಂತಲೂ ಹೇಳಿದರು. ಕೊನೆಗೆ ಬಂದದ್ದು ಶೇ 94. ಹೇಳಿದ ಅಳತೆಯ ಒಳಗೇ ಇತ್ತು. ಆದರೆ ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಬೇಕಾಯಿತು. ಇಡೀ ದೇಶದ ಫೋರ್‌ಕಾಸ್ಟ್ ನಿಮ್ಮ ತಾಲ್ಲೂಕಿನ ಮಾತಲ್ಲ. ಆದ್ದರಿಂದ 'ರೈನ್‌ಫಾಲ್ ಈಸ್ ಫೋರ್‌ಕಾಸ್ಟ್ ಟು ಫಾಲ್ ಬಿಲೋ ನಾರ್ಮಲ್' ಅಂತ ಬರೆದರೆ ಯಾರು ಹೇಳಿದ್ದು, ಯಾವ ಪ್ರದೇಶಕ್ಕೆ, ಯಾವ ತಿಂಗಳಿಗೆ, ಮೂರೂ ಅದೇ ಸಾಲಿನಲ್ಲಿ ಇರಬೇಕು.

ಪ್ರೊಜೆಕ್ಟೆಡ್ ಇದಕ್ಕಿಂತ ಬೇರೆ. ಈಗಿನ ದಾರಿಯಲ್ಲೇ ಹೋದರೆ, ಇಂಥ ಷರತ್ತು ಹಿಡಿದರೆ, ಹೀಗಾಗುತ್ತದೆ ಅನ್ನುವ ಲೆಕ್ಕ ಅದು. ವಿಶ್ವಸಂಸ್ಥೆಯ 2024ರ ಜನಸಂಖ್ಯಾ ಲೆಕ್ಕದ ಪ್ರಕಾರ ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ಸುಮಾರು 170 ಕೋಟಿ ಮುಟ್ಟಿ, ನಂತರ ಶೇ 12ರಷ್ಟು ಇಳಿಯಬೇಕು. ಹೆರಿಗೆ ಪ್ರಮಾಣ ಹೇಗೆ ಬದಲಾಗುತ್ತದೆ ಅನ್ನುವ ಊಹೆಯ ಮೇಲೆ ಅದು ನಿಂತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆ ಪ್ರಮಾಣ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು, ಆಗಲೇ 1.7. ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದದ್ದು 2.1. ಇಂಥ ಕಡೆ 'ಪಾಪ್ಯುಲೇಷನ್ ಈಸ್ ಪ್ರೊಜೆಕ್ಟೆಡ್ ಟು ಡಿಕ್ಲೈನ್' ಅನ್ನುವುದೇ ಸರಿ. ಷರತ್ತು ಬದಲಾದರೆ ಅಂಕಿಯೂ ಬದಲಾಗುತ್ತದೆ ಅಂತ ಬಲ್ಲ ಓದುಗರಿಗೆ ಆ ಒಂದು ಪದದಲ್ಲೇ ತಿಳಿಯುತ್ತದೆ.

ನಮ್ಮ ಕಾಫಿ ತೋಟಕ್ಕೆ ಎರಡೂ ದೊಡ್ಡ ಪದಗಳೇ. ಆದರೆ ಕಾಫಿ ಮಂಡಳಿ ಹೂ ಬಂದ ಮೇಲೆ ಒಮ್ಮೆ, ಮುಂಗಾರು ಮುಗಿದ ಮೇಲೆ ಒಮ್ಮೆ ಬೆಳೆ ಅಂದಾಜು ಕೊಡುತ್ತದೆ. ಆ ಅಂಕಿ ಇಳಿದಿದ್ದರೆ ಕಾಫಿ ಮಂಡಳಿಯ ಹೆಸರು ಹಾಕಿ 'ಎಸ್ಟಿಮೇಟ್' ಅನ್ನಿ. ಪಕ್ಕದಲ್ಲೇ ನಿಮ್ಮ ತೋಟದ ಬಗ್ಗೆ 'ಲೈಕ್ಲಿ' ಅನ್ನಿ. ಎರಡು ಮಾತಿಗೆ ಎರಡು ಬೇರೆ ಆಧಾರ ಅಂತ ಖರೀದಿದಾರರಿಗೆ ಸ್ಪಷ್ಟವಾಗುತ್ತದೆ.

ಸೆಟ್, ಡ್ಯೂ, ಆನ್ ದ ಕಾರ್ಡ್ಸ್

'ಸೆಟ್ ಟು ಫಾಲ್' ಪೇಪರಿನವರಿಗೆ ಯಾಕೆ ಇಷ್ಟ ಅಂದರೆ ಅದು ಪುಟ್ಟದು, ಹೆಡ್‌ಲೈನಿನಲ್ಲಿ ಹಿಡಿಸುತ್ತದೆ. ಅದನ್ನು ಕಣ್ಣುಮುಚ್ಚಿ ಅನುಕರಿಸಬೇಡಿ. ಇಳಿಸುವ ಕಾರಣ ಆಗಲೇ ಜಾರಿಗೆ ಬಂದಿರಬೇಕು ಅಥವಾ ದಿನಾಂಕ ನಿಗದಿಯಾಗಿರಬೇಕು, ಆಗ ಮಾತ್ರ ಅದು ಪ್ರಾಮಾಣಿಕ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿ ಸಣ್ಣ ಕಾರು ಮತ್ತು 350 ಸಿಸಿವರೆಗಿನ ಬೈಕ್‌ಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು. ಜಾರಿ ಸೆಪ್ಟೆಂಬರ್ 22ರಿಂದ. ನಡುವಿನ ಆ ದಿನಗಳಲ್ಲಿ 'ಬೈಕ್ ಪ್ರೈಸಸ್ ಆರ್ ಸೆಟ್ ಟು ಫಾಲ್' ಅಂತ ಬರೆದವರು ಸರಿಯಾಗಿಯೇ ಬರೆದರು. ಮಳೆ ತಡವಾದ ತೋಟಕ್ಕೆ ಇದು ಹೊಂದುವುದಿಲ್ಲ. ಮಳೆಗೆ ಯಾರೂ ತಾರೀಕು ಕೊಟ್ಟಿಲ್ಲ.

'ಡ್ಯೂ ಟು ಫಾಲ್' ಅರ್ಥದಲ್ಲಿ 'ಸೆಟ್'ಗೆ ಹತ್ತಿರ. ಆದರೆ 'ಡ್ಯೂ ಟು' ಅಂದರೆ 'ಕಾರಣದಿಂದ' ಅಂತಲೂ ಇದೆಯಲ್ಲ, ಅವಸರದಲ್ಲಿ ಓದುವವರು ಬೆಲೆ ಇಳಿದದ್ದರಿಂದ ಅಂತ ತಿಳಿದುಬಿಡುತ್ತಾರೆ. ಮೇಲ್‌ನಲ್ಲಿ ಬೇಡ. ಆಗುವ ಸಂಭವ ಇದೆ ಅನ್ನುವ ಅರ್ಥದ 'ಆನ್ ದ ಕಾರ್ಡ್ಸ್' ನಮ್ಮ ದೇಶದ ಇಂಗ್ಲಿಷ್ ಪೇಪರ್‌ಗಳಲ್ಲಿ ಧಾರಾಳ, ಅಮೆರಿಕದವರು 'ಇನ್ ದ ಕಾರ್ಡ್ಸ್' ಅನ್ನುತ್ತಾರೆ. ಸುದ್ದಿಗೆ ಓಕೆ, ವರದಿಗೆ ಬೇಡ.

ಬೌಂಡ್

ಎಲ್ಲಕ್ಕಿಂತ ಗಟ್ಟಿ ಇದು. 'ಬೌಂಡ್ ಟು ಫಾಲ್' ಅಂದರೆ ಇಳಿದೇ ಇಳಿಯುತ್ತದೆ, ಬೇರೆ ದಾರಿಯೇ ಇಲ್ಲ. ಹೂಮಳೆಯೇ ಬಾರದ, ನೀರು ಹಾಯಿಸುವ ಅನುಕೂಲವೂ ಇಲ್ಲದ ರೊಬಸ್ಟಾ ತೋಟಕ್ಕೆ ಇದನ್ನು ಬರೆಯಬಹುದು. ಮಳೆ ಬರೀ ತಡವಾಗಿದ್ದರೆ ಬರೆಯಬಾರದು.

ಇದರಲ್ಲೊಂದು ಅಪಾಯವೂ ಇದೆ. 'ಬೌಂಡ್' ಅಂದರೆ ಕಟ್ಟುಬಿದ್ದವರು, ಒಪ್ಪಂದಕ್ಕೆ ಬದ್ಧರು ಅಂತಲೂ ಅರ್ಥ. ಬೆಲೆಯ ಮಾತುಕತೆ ನಡೆಯುವಾಗ 'ವಿ ಆರ್ ಬೌಂಡ್ ಟು ರೆಡ್ಯೂಸ್ ದ ಪ್ರೈಸ್' ಅಂತ ಬರೆದರೆ, ಇಳಿಸುವುದು ನಮ್ಮ ಕರ್ತವ್ಯ ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತದೆ. ಕರಾರಿನ ಆಸುಪಾಸು ಈ ಪದ ತರಲೇಬೇಡಿ. 'ಆಲ್ಮೋಸ್ಟ್ ಸರ್ಟನ್ ಟು ಫಾಲ್' ಇದೆ, ಅದನ್ನು ಬಳಸಿ.

ಅಲಂಕಾರದ ಮಾತುಗಳು

'ಹೆಡೆಡ್ ಸೌತ್', 'ಆನ್ ದ ವೇನ್', 'ಗೋಯಿಂಗ್ ಡೌನ್‌ಹಿಲ್', ಇಳಿಮುಖ ಅನ್ನುವ ಇವೆಲ್ಲ ಮಾತಿಗೆ ಚೆಂದ. 'ಡೌನ್‌ಹಿಲ್' ಬಗ್ಗೆ ಸ್ವಲ್ಪ ಹುಷಾರು. ಅದು ಸಂಖ್ಯೆ ಇಳಿಯುವುದಕ್ಕಲ್ಲ, ಗುಣ ಕೆಡುವುದಕ್ಕೆ. ಅದೂ ಸಾಲದು ಅಂತ 'ಡೌನ್‌ಹಿಲ್ ಫ್ರಮ್ ಹಿಯರ್' ಅಂದರೆ ಇನ್ನು ಮುಂದೆ ಸಲೀಸು ಅಂತಲೂ ಕೆಲವರು ತಿಳಿಯುತ್ತಾರೆ.

'ಟೇಪರ್', ಅಂದರೆ ಮೆಲ್ಲಮೆಲ್ಲಗೆ ತಗ್ಗಿಸುವುದು, ಅನ್ನುವ ಮಾತು ಸ್ವಲ್ಪ ನಿಂತು ನೋಡಬೇಕಾದದ್ದು. 2013ರ ಮೇ 22ರಂದು ಅಮೆರಿಕದ ಫೆಡರಲ್ ರಿಸರ್ವ್ ಮುಖ್ಯಸ್ಥ ಬೆನ್ ಬರ್ನಾಂಕೆ ಬಾಂಡ್ ಖರೀದಿಯ ವೇಗ ತಗ್ಗಿಸುವ ಸಾಧ್ಯತೆ ಹೇಳಿದರು. ಖರೀದಿ ನಿಲ್ಲಿಸುತ್ತೇವೆ ಅನ್ನಲಿಲ್ಲ, ಕೊಂಡದ್ದನ್ನು ಮಾರುತ್ತೇವೆ ಅಂತಲೂ ಅನ್ನಲಿಲ್ಲ. ಕೊಳ್ಳುವುದು ಮುಂದುವರಿಯುತ್ತದೆ, ಮೊತ್ತ ಮೆಲ್ಲಗೆ ಕಡಿಮೆಯಾಗುತ್ತದೆ ಅಂದರು ಅಷ್ಟೆ. ಆದರೂ ಪೇಟೆಗಳು ನಡುಗಿದವು. ಆಗಸ್ಟ್ ಕೊನೆಗೆ ನಮ್ಮ ರೂಪಾಯಿ ಡಾಲರಿಗೆ 68 ದಾಟಿತ್ತು. ವೇಗ ಇಳಿಯುವುದು ಬೇರೆ, ಮಟ್ಟ ಇಳಿಯುವುದು ಬೇರೆ.

ಈ ವ್ಯತ್ಯಾಸ ಎಲ್ಲ ಪದಗಳಿಗೂ ಬೇಕು. ಹಣದುಬ್ಬರ ಶೇ 6ರಿಂದ 4ಕ್ಕೆ ಇಳಿಯುತ್ತದೆ ಅಂದರೆ ಬೆಲೆ ಇಳಿಯುವುದಿಲ್ಲ. 100 ರೂಪಾಯಿಯ ಸಾಮಾನು 106 ಆಗುವ ಬದಲು 104 ಆಗುತ್ತದೆ. 2023ರ ಜುಲೈನಲ್ಲಿ ಇನ್ಫೋಸಿಸ್ ಆ ಹಣಕಾಸು ವರ್ಷದ ಬೆಳವಣಿಗೆಯ ಅಂದಾಜನ್ನು ಶೇ 4-7ರಿಂದ 1-3.5ಕ್ಕೆ ತಗ್ಗಿಸಿತು. ಅದನ್ನು 'ರೆವೆನ್ಯೂ ಈಸ್ ಎಕ್ಸ್‌ಪೆಕ್ಟೆಡ್ ಟು ಫಾಲ್' ಅಂತ ಬರೆದರೆ ಅಪ್ಪಟ ಸುಳ್ಳು. ಆದಾಯ ಏರುತ್ತಲೇ ಇತ್ತು, ಏರುವ ವೇಗ ತಗ್ಗುವ ಅಂದಾಜು. 'ಗ್ರೋತ್ ಈಸ್ ಎಕ್ಸ್‌ಪೆಕ್ಟೆಡ್ ಟು ಸ್ಲೋ' ಅನ್ನಬೇಕು.

ಇನ್ನೆರಡು ಪುಟ್ಟ ಪದ ದೊಡ್ಡ ಲೆಕ್ಕ ಕೆಡಿಸುತ್ತವೆ. 'ಫಾಲ್ ಬೈ 10 ಟನ್' ಅಂದರೆ 10 ಟನ್ ಕಡಿಮೆ. 'ಫಾಲ್ ಟು 10 ಟನ್' ಅಂದರೆ ಉಳಿಯುವುದೇ 10 ಟನ್. ಹಾಗೇ, 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.50ರಿಂದ 6.25ಕ್ಕೆ ಇಳಿಸಿದ್ದು 25 ಬೇಸಿಸ್ ಪಾಯಿಂಟ್ (ಶೇಕಡಾ ಒಂದರ ನೂರನೇ ಒಂದು ಪಾಲು ಒಂದು ಬೇಸಿಸ್ ಪಾಯಿಂಟ್). 25 ಪರ್ಸೆಂಟ್ ಅಲ್ಲ.

ಕ್ರಿಯಾಪದದ ಬಗ್ಗೆ ಬಹಳ ಹೇಳುವುದಿಲ್ಲ. ಸ್ವಲ್ಪವೇ, ತಾತ್ಕಾಲಿಕ ಅಂದರೆ 'ಡಿಪ್'. ಬಿಗಿ ಸಡಿಲಾದರೆ 'ಈಸ್'. ನಿಧಾನಕ್ಕೆ, ಬಹಳ ಕಾಲ ಅಂದರೆ 'ಡಿಕ್ಲೈನ್'. ದಿಢೀರ್ ಮತ್ತು ತುಂಬಾ ಅಂದರೆ 'ಪ್ಲಂಜ್'. ವ್ಯಾಪಾರ ಕುಸಿದು ಹಾಗೇ ಬಿದ್ದಿದ್ದರೆ 'ಸ್ಲಂಪ್'. ಯಾವುದೂ ತೋಚದಿದ್ದರೆ 'ಫಾಲ್', ಅದು ಎಲ್ಲೂ ತಪ್ಪಾಗುವುದಿಲ್ಲ. 'ಡಿಕ್ರೀಸ್ ಡೌನ್' ಮಾತ್ರ ಬೇಡ, 'ಡೌನ್' ಒಳಗೇ ಇದೆ.

ನಿಮಗೆ ಯಾವುದು?

ಐಇಎಲ್‌ಟಿಎಸ್ ಅಕಾಡೆಮಿಕ್ ಬರೆಯುವವರಿಗೆ ಮೊದಲ ಟಾಸ್ಕ್‌ನಲ್ಲಿ ಸುಮಾರು 20 ನಿಮಿಷ, ಕನಿಷ್ಠ 150 ಪದ. ಶಬ್ದಸಂಪತ್ತು ನಾಲ್ಕು ಮಾನದಂಡಗಳಲ್ಲಿ ಒಂದು ಮಾತ್ರ, ವ್ಯಾಕರಣಕ್ಕೂ ಅಷ್ಟೇ ತೂಕ. ಗ್ರಾಫಿನಲ್ಲಿ ಮುಂದಿನ ವರ್ಷಗಳ ಅಂಕಿ ಇದ್ದರೆ 'ಈಸ್ ಪ್ರೊಜೆಕ್ಟೆಡ್ ಟು', 'ಈಸ್ ಫೋರ್‌ಕಾಸ್ಟ್ ಟು', 'ಈಸ್ ಎಕ್ಸ್‌ಪೆಕ್ಟೆಡ್ ಟು' ಮೂರನ್ನು ತಿರುಗಿಸಿ ಬಳಸಿ, ಸಾಕು. 'ಬೌಂಡ್', 'ಹೆಡೆಡ್ ಸೌತ್' ಬೇಡ. ಗ್ರಾಫಿನಲ್ಲಿಲ್ಲದ ಕಾರಣವನ್ನೂ ಸೇರಿಸಬೇಡಿ.

ಆಫೀಸಿನ ವರದಿಗೆ 'ವಿ ಎಕ್ಸ್‌ಪೆಕ್ಟ್' ಮತ್ತು 'ಲೈಕ್ಲಿ' ಎರಡೇ ಇಟ್ಟುಕೊಂಡರೂ ವರ್ಷಗಟ್ಟಲೆ ನಡೆಯುತ್ತದೆ. ಪಕ್ಕದಲ್ಲಿ ಅಂಕಿ, ಅವಧಿ, ಕಾರಣ ಇದ್ದರೆ ಓದುವವರು ನಿಮ್ಮ ಇಂಗ್ಲಿಷ್ ಬಗ್ಗೆ ಯೋಚಿಸುವುದೇ ಇಲ್ಲ. ಸುದ್ದಿ ಬರೆಯುವವರು 'ಸೆಟ್' ಬಳಸಲಿ, ತಾರೀಕು ಕೈಯಲ್ಲಿದ್ದಾಗ.

ಇಂಗ್ಲಿಷ್ ಬರೆದು ರೂಢಿಯೇ ಇಲ್ಲ, ಆದರೂ ವ್ಯವಹಾರಕ್ಕೆ ಬರೆಯಲೇಬೇಕು ಅನ್ನುವವರು 'ಈಸ್ ಲೈಕ್ಲಿ ಟು ಫಾಲ್' ಒಂದನ್ನೇ ಕಲಿಯಿರಿ. ಅಷ್ಟು ಖಚಿತ ಇಲ್ಲದಾಗ 'ಮೇ ಫಾಲ್'. ಕಾಫಿ ತೋಟದವರ ಮೇಲ್ ಹೀಗಿದ್ದರೆ ಸಾಕು:

'ದ ಬ್ಲಾಸಮ್ ಶವರ್ಸ್ ವರ್ ಲೇಟ್ ದಿಸ್ ಇಯರ್. ಅವರ್ ರೊಬಸ್ಟಾ ಕ್ರಾಪ್ ಈಸ್ ಲೈಕ್ಲಿ ಟು ಫಾಲ್ ಬೈ ಅಬೌಟ್ ಒನ್ ಫಿಫ್ತ್. ವಿ ವಿಲ್ ಸೆಂಡ್ ಯು ಎ ಫರ್ಮ್ ಫಿಗರ್ ಆಫ್ಟರ್ ದ ಮಾನ್ಸೂನ್.'

ಮಳೆ ತಡವಾಗಿದೆ, ಬೆಳೆ ಐದರಲ್ಲಿ ಒಂದು ಪಾಲು ಕಡಿಮೆಯಾಗುವ ಸಂಭವ ಹೆಚ್ಚು, ಮುಂಗಾರು ಮುಗಿದ ಮೇಲೆ ಖಚಿತ ಅಂಕಿ ಕಳಿಸುತ್ತೇವೆ. ಖರೀದಿದಾರರು ಉಳಿದ ಸರಕನ್ನು ಬೇರೆ ಕಡೆ ಹುಡುಕಿಕೊಳ್ಳಲು ಅಷ್ಟು ಸಾಕಾಗುತ್ತದೆ.